ಹಳೆಯ ಜೀಪು ಗಾಡಿಯ ಇಂಜಿನ್ನನ್ನೂ ಚಾಲಕಾಂಗಗಳನ್ನೂ ಇಳಿಸಿ ಬಿಚ್ಚುವ ಕ್ರಮ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪ್ರಾಂತಗಳ ಬಹುಭಾಗವು ಎರೆಭೂಮಿ. ಮಳೆಗಾಲದಲ್ಲಿ ಈ ನೆಲವು ಬಂಡಿಯನ್ನು ಅಚ್ಚಿನವರೆಗೆ ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಹೀಗಿರುವಲ್ಲಿ ನಾಲ್ಕು ಗಾಲಿಗಳಿಗೂ ಇಂಜಿನ್ನಿನ ಬಲವನ್ನು ಹಂಚಿಕೊಡತಕ್ಕ ಜೀಪು ಗಾಡಿಯು ಒಕ್ಕಲುತನದ ಮನೆಗಳಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಅಂತಹ ಹಳೆಯ ಗಾಡಿಯೊಂದು ಮನೆಯಲ್ಲಿ ಉಳಿದಿದ್ದು, ಅದರ ಇಂಜಿನ್ನು ಸೋತುಹೋಗಿದ್ದರೆ, ಯಜಮಾನರ ಮುಂದೆ ಮೂರು ದಾರಿಗಳು ಇರುತ್ತವೆ: ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡುವುದು, ಬೇರೊಂದು ಇಂಜಿನ್ನನ್ನು ತಂದು ಕೂಡಿಸುವುದು, ಇಲ್ಲವೆ ಮೂಲದ ಇಂಜಿನ್ನನ್ನೇ ಇಳಿಸಿ, ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಕೂಡಿಸುವುದು. ಮೂರನೆಯ ದಾರಿಯಲ್ಲಿ ಬಹುಮಂದಿ ಸೋಲುವುದು ಹಣದ ಕೊರತೆಯಿಂದಲ್ಲ, ಬಿಚ್ಚುವಾಗಿನ ಅವಸರದಿಂದ. ಎರಡು ದಿವಸದಲ್ಲಿ ಬಿಚ್ಚಿ ರಾಶಿ ಹಾಕಿದ ಗಾಡಿಯು ಎರಡು ವರ್ಷವಾದರೂ ಕೂಡುವುದಿಲ್ಲ. ಅಷ್ಟರೊಳಗೆ ಅರ್ಧ ಬೋಲ್ಟುಗಳು ಮಾಯವಾಗಿ, ಸಿಲಿಂಡರುಗಳಿಗೆ ತುಕ್ಕು ಹಿಡಿದು, ಕಡೆಗೆ ಎಲ್ಲವೂ ಗುಜರಿಯ ತಕ್ಕಡಿಗೇ ಏರುತ್ತದೆ.

ಜೀಪು ಎರಡನೆಯ ಮಹಾಯುದ್ಧದ ಕೂಸು. ಅಮೆರಿಕದ ಟೊಲೀಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯು ೧೯೪೧ ರಿಂದ ೧೯೪೫ ರವರೆಗೆ ಸೈನ್ಯಕ್ಕಾಗಿ ಇದನ್ನು ತಯಾರಿಸಿತು. ಫೋರ್ಡ್ ಕಂಪನಿಯೂ ಅದೇ ನಕ್ಷೆಯ ಮೇಲೆ ತಯಾರಿಸಿಕೊಟ್ಟಿತು. ನಮ್ಮ ದೇಶದಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ಇದರ ಜೋಡಣೆಯನ್ನು ಆರಂಭಿಸಿ, ಮುಂದೆ ದಶಕಗಟ್ಟಲೆ ಇದೇ ಜಾತಿಯ ಗಾಡಿಗಳನ್ನು ಇಲ್ಲಿಯೇ ತಯಾರಿಸಿತು. ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಎರಡು ಬಗೆಯ ಇಂಜಿನ್ನುಗಳುಂಟು. ಬಾನೆಟ್ಟು ತಗ್ಗಾಗಿರುವ ಗಾಡಿಯಲ್ಲಿ ಎರಡೂ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುತ್ತವೆ. ಬಾನೆಟ್ಟು ಎತ್ತರವಾಗಿರುವ ಗಾಡಿಯಲ್ಲಿ ಒಳಸೇರುವ ವಾಲ್ವು ಮೇಲಿನ ಹೆಡ್ಡಿನಲ್ಲಿಯೂ, ಹೊಗೆಯ ವಾಲ್ವು ಬ್ಲಾಕಿನಲ್ಲಿಯೂ ಇರುತ್ತವೆ. ಹೆಡ್ಡು ಎತ್ತರವಾದುದರಿಂದಲೇ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಎರಡರಲ್ಲಿಯೂ ನಾಲ್ಕು ಸಿಲಿಂಡರುಗಳು. ಸಿಲಿಂಡರಿನ ವ್ಯಾಸ ೩ ೧/೮ ಅಂಗುಲ, ಪಿಸ್ಟನ್ನಿನ ಓಟ ೪ ೩/೮ ಅಂಗುಲ. ಒಟ್ಟು ಗಾತ್ರ ಸುಮಾರು ೨,೨೦೦ ಘನ ಸೆಂಟಿಮೀಟರು. ಕಿಡಿ ಹಾರುವ ಕ್ರಮವು ಎರಡರಲ್ಲಿಯೂ ೧-೩-೪-೨.

ಇಂಜಿನ್ನನ್ನು ಇಳಿಸುವುದಕ್ಕೆ ಮುಂಚೆ, ಇಳಿಸಲೇಬೇಕೆ ಎಂಬುದನ್ನು ನಿಶ್ಚಯಿಸತಕ್ಕದ್ದು. ಅನೇಕ ಕೆಲಸಗಳು ಗಾಡಿಯ ಮೇಲಿದ್ದಂತೆಯೇ ಆಗುತ್ತವೆ. ಇಂಜಿನ್ನನ್ನು ಬಿಸಿಮಾಡಿ, ಎಲ್ಲಾ ಪ್ಲಗ್ಗುಗಳನ್ನು ತೆಗೆದು, ಒತ್ತಡದ ಮಾಪಕವನ್ನು ಒಂದೊಂದೇ ರಂಧ್ರಕ್ಕೆ ಹಿಡಿದು, ಸ್ಟಾರ್ಟರಿನಿಂದ ತಿರುಗಿಸಿ ನೋಡಬೇಕು. ಒಂದು ಸಿಲಿಂಡರಿನ ಒತ್ತಡವು ಉಳಿದವಕ್ಕಿಂತ ೧೦ ಪೌಂಡಿಗೂ ಹೆಚ್ಚು ಕಡಿಮೆಯಿದ್ದರೆ ಅಲ್ಲಿ ದೋಷವುಂಟು. ಆ ರಂಧ್ರಕ್ಕೆ ಒಂದು ಚಮಚೆಯಷ್ಟು ಇಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆದಾಗ ಒತ್ತಡವು ಏರಿದರೆ ದೋಷವು ಪಿಸ್ಟನ್ ರಿಂಗುಗಳದ್ದು. ಏರದಿದ್ದರೆ ವಾಲ್ವುಗಳದ್ದೆಂದು ತಿಳಿಯಬಹುದು. ವಾಲ್ವುಗಳನ್ನು ಮಸೆಯುವುದಕ್ಕೆ ಹೆಡ್ಡನ್ನು ತೆಗೆದರೆ ಸಾಕು. ರಿಂಗುಗಳನ್ನು ಬದಲಿಸುವುದಕ್ಕೆ ಹೆಡ್ಡನ್ನೂ ಕೆಳಗಿನ ಎಣ್ಣೆಯ ಚೇಂಬರನ್ನೂ ತೆಗೆದರೆ ಸಾಕು. ಸಿಲಿಂಡರನ್ನು ಬೋರ್ ಮಾಡಿಸಬೇಕಾದಾಗ, ಕ್ರ್ಯಾಂಕ್ ಶಾಫ್ಟನ್ನು ಸಾಣೆಗೆ ಕೊಡಬೇಕಾದಾಗ, ಅಥವಾ ಬ್ಲಾಕು ಸೀಳಿದಾಗ ಮಾತ್ರವೇ ಇಂಜಿನ್ನು ಚಾಸಿಯನ್ನು ಬಿಟ್ಟು ಇಳಿಯಬೇಕು. ಕ್ಲಚ್ಚು ಜಾರುವುದೊಂದೇ ಕಾರಣವಾದರೆ ಮೊದಲು ಅದರ ಕಡ್ಡಿಯ ಹೊಂದಿಕೆಯನ್ನು ನೋಡತಕ್ಕದ್ದು. ಈ ಪರೀಕ್ಷೆಗೆ ಅರ್ಧ ದಿವಸ ಹಿಡಿಯುವುದು. ಅದನ್ನು ತಪ್ಪಿಸಿದವರು ಅರ್ಧ ಬೇಸಿಗೆಯನ್ನು ಕಳೆದುಕೊಂಡಾರು.

ಬೇರೆ ಇಂಜಿನ್ನನ್ನು ಕೂಡಿಸುವ ಆಲೋಚನೆಯುಳ್ಳವರು ಕಾನೂನನ್ನು ಮುಂಚಿತವಾಗಿ ತಿಳಿಯುವುದು ಲೇಸು. ಪೆಟ್ರೋಲಿನ ಖರ್ಚಿಗೆ ಅಂಜಿ ಮೂಲ ಇಂಜಿನ್ನನ್ನು ಕಿತ್ತು ಡೀಸೆಲ್ ಇಂಜಿನ್ನನ್ನು ಕೂಡಿಸುವುದು ಜೀಪುಗಳ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಬರೆದಿರುವ ವಿವರಕ್ಕೆ ವ್ಯತ್ಯಾಸವಾಗುವಂತಹ ಮಾರ್ಪಾಡಿಗೆ ನೋಂದಣಿ ಅಧಿಕಾರಿಗಳ ಮಂಜೂರಾತಿ ಬೇಕು. ಮಾರ್ಪಾಡಾದ ಮೇಲೆ ೧೪ ದಿವಸಗಳೊಳಗಾಗಿ ವರದಿ ಕೊಟ್ಟು ಪತ್ರದಲ್ಲಿ ದಾಖಲು ಮಾಡಿಸಬೇಕು. ಎರಡನೆಯದಾಗಿ, ಕೇಂದ್ರ ಸರ್ಕಾರವು ೨೦೨೧ನೆಯ ಜುಲೈ ತಿಂಗಳಲ್ಲಿ ಪ್ರಕಟಿಸಿದ ನಿಯಮಗಳ ಮೇರೆಗೆ, ಮೊದಲ ನೋಂದಣಿಯಾಗಿ ೫೦ ವರ್ಷಗಳನ್ನು ಮೀರಿದ ಗಾಡಿಯನ್ನು ಪ್ರಾಚೀನ ವಾಹನವೆಂದು ನೋಂದಾಯಿಸಿಕೊಳ್ಳಬಹುದು. ಆದರೆ ಅದರ ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಗಣನೀಯವಾದ ಬದಲಾವಣೆ ಆಗಿರಕೂಡದು. ಹೀಗಾಗಿ ಮೂಲ ಇಂಜಿನ್ನನ್ನು ಗುಜರಿಗೆ ಹಾಕಿದ ದಿವಸವೇ ಆ ಹಕ್ಕೂ ಹೋಯಿತೆಂದು ತಿಳಿಯತಕ್ಕದ್ದು. ಪ್ರಾಚೀನ ವಾಹನವೆಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದ ಗೊತ್ತಾದ ಕಾರ್ಯಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಸಲ್ಲದು. ಆದಕಾರಣ ತೊಗರಿಯ ಚೀಲ ಹೊರಿಸುವ ಉದ್ದೇಶವುಳ್ಳವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಉಚಿತ. ಈ ಸೀಮೆಯು ೧೯೫೬ನೆಯ ನವೆಂಬರ್ ೧ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುದರಿಂದ, ಬಹಳ ಹಳೆಯ ಗಾಡಿಯ ಮೊದಲ ಕಾಗದಗಳು ಅಲ್ಲಿಯ ಕಚೇರಿಯವಾಗಿರಬಹುದು. ಅವು ಮನೆಯ ಹಳೆಯ ಪೆಟ್ಟಿಗೆಯಲ್ಲಿದ್ದರೆ ಹರಿದು ಹಾಕದೆ ಜೋಪಾನವಾಗಿಡಬೇಕು. ಇಂಜಿನ್ನನ್ನು ಇಳಿಸುವ ಮುಂಚೆ ಅದರ ಮೇಲಿನ ನಂಬರನ್ನೂ ಚಾಸಿಯ ನಂಬರನ್ನೂ ಒರಸಿ, ಓದಿ, ಬರೆದು, ಛಾಯಾಚಿತ್ರ ತೆಗೆಸಿಟ್ಟುಕೊಳ್ಳತಕ್ಕದ್ದು. ಬ್ಲಾಕನ್ನು ಪೇಟೆಗೆ ಕಳುಹಿಸಿದಾಗ ಅದೇ ಬ್ಲಾಕು ಹಿಂದಿರುಗಿತೆಂಬುದಕ್ಕೆ ಇದೇ ಸಾಕ್ಷಿ.

ಕೆಲಸಕ್ಕೆ ತಕ್ಕ ಕಾಲವೆಂದರೆ ತೊಗರಿಯ ರಾಶಿ ಮುಗಿದು ಮೃಗಶಿರೆಯ ಮಳೆಗೆ ಹೊಲ ಹದಗೊಳ್ಳುವ ಮುಂಚಿನ ತಿಂಗಳುಗಳು. ಸ್ಥಳದ ವಿಷಯದಲ್ಲಿ ಈ ಪ್ರಾಂತದವರು ವಿಶೇಷವಾಗಿ ಎಚ್ಚರಿಕೆ ವಹಿಸಬೇಕಾದುದೊಂದುಂಟು. ಇಲ್ಲಿ ಮನೆ, ಅಂಗಳ, ಕೊಟ್ಟಿಗೆಗಳಿಗೆ ಶಹಾಬಾದದ ಫರಸಿ ಕಲ್ಲನ್ನೇ ಹಾಸುವುದು ವಾಡಿಕೆ. ಕಲ್ಲು ಗಟ್ಟಿಯೇ ಸರಿ. ಆದರೆ ಪದರುಪದರಾದ ಚಪ್ಪಡಿಯಾದುದರಿಂದ, ಕೆಳಗೆ ಮಣ್ಣು ಟೊಳ್ಳಾಗಿದ್ದ ಕಡೆ ಜಾಕಿನ ಸಣ್ಣ ಪಾದದ ಮೇಲೆ ಭಾರವೆಲ್ಲ ನಿಂತಾಗ ಫಕ್ಕನೆ ಸೀಳುತ್ತದೆ. ಎಣ್ಣೆ ಚೆಲ್ಲಿದಾಗಲಂತೂ ಕಾಲೂ ಜಾಕೂ ಕೂಡಿಯೇ ಜಾರುತ್ತವೆ. ಆದ್ದರಿಂದ ಜಾಕಿನ ಕೆಳಗೆ ಎರಡು ಅಂಗುಲ ದಪ್ಪದ ಅಗಲವಾದ ಹಲಗೆಯನ್ನಿಡಬೇಕು. ಜಾಕಿನ ಮೇಲೆ ಮಾತ್ರವೇ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು; ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನೋ ಅಡ್ಡಡ್ಡ ಪೇರಿಸಿದ ಗಟ್ಟಿ ಮರದ ತುಂಡುಗಳನ್ನೋ ಕೊಟ್ಟು, ಗಾಲಿಗಳಿಗೆ ಅಡೆಗಲ್ಲು ಇಟ್ಟ ಮೇಲೆಯೇ ಇಳಿಯಬೇಕು. ಇಟ್ಟಿಗೆಗಳು ಆಗವು, ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಜೀಪಿನ ಇಂಜಿನ್ನೊಂದೇ ಒಂದೂವರೆ ಕ್ವಿಂಟಲಿಗೆ ಮೀರಿದ ಭಾರದ್ದು. ಗೇರ್ ಪೆಟ್ಟಿಗೆಯೂ ಟ್ರಾನ್ಸ್‌ಫರ್ ಪೆಟ್ಟಿಗೆಯೂ ಸೇರಿದರೆ ಎರಡು ಕ್ವಿಂಟಲನ್ನು ದಾಟುತ್ತದೆ. ಇದನ್ನು ಹಳೆಯ ವಾಡೆಯ ತೊಲೆಗೆ ಕಟ್ಟಿ ಎತ್ತುವ ಸಾಹಸವನ್ನು ಮಾಡಲಾಗದು. ಹೊರಗೆ ಗಟ್ಟಿಯಾಗಿ ಕಾಣುವ ತೊಲೆಯ ಗೋಡೆಯೊಳಗಿನ ತುದಿಯು ಗೆದ್ದಲಿಗೆ ತುತ್ತಾಗಿರಬಹುದು; ತೊಲೆಯೊಂದಿಗೆ ಮೇಲಿನ ಫರಸಿ ಚಪ್ಪಡಿಗಳೂ ಇಳಿದರೆ ಇಂಜಿನ್ನಿನ ಕಥೆಯು ಅಷ್ಟಕ್ಕೆ ನಿಲ್ಲುವುದಿಲ್ಲ. ಬೇವಿನ ಮರದ ಕೊಂಬೆಯೂ ನಂಬತಕ್ಕದ್ದಲ್ಲ. ದಪ್ಪ ಕಬ್ಬಿಣದ ಕೊಳವೆಗಳ ಮುಕ್ಕಾಲಿಯನ್ನು ನಿಲ್ಲಿಸಿ, ಕಾಲುಗಳು ಜಾರದಂತೆ ಒಂದಕ್ಕೊಂದು ಸರಪಳಿಯಿಂದ ಬಿಗಿದು, ಒಂದು ಟನ್ನು ಎತ್ತತಕ್ಕ ಚೈನ್ ಪುಲ್ಲಿಯನ್ನು ತೂಗುಹಾಕುವುದು ಸರಿಯಾದ ಕ್ರಮ. ವಾಡಿ, ಶಹಾಬಾದ, ಸೇಡಂ ಕಡೆಗಳಲ್ಲಿ ಸಿಮೆಂಟು ಕಾರ್ಖಾನೆಗಳೂ ರೈಲ್ವೆಯೂ ಇರುವುದರಿಂದ, ಭಾರ ಎತ್ತುವುದರಲ್ಲಿ ಪಳಗಿದ ಫಿಟ್ಟರುಗಳು ಹುಡುಕಿದರೆ ಸಿಕ್ಕುತ್ತಾರೆ. ಅಂತಹವರೊಬ್ಬರ ಒಂದು ದಿವಸದ ಕೂಲಿಯು ವ್ಯರ್ಥವಾದ ಖರ್ಚಲ್ಲ.

ಮೊದಲು ಗಾಡಿಯ ಅಡಿಯನ್ನು ತೊಳೆಯಬೇಕು. ಎರೆಮಣ್ಣು ಎಣ್ಣೆಯೊಂದಿಗೆ ಬೆರೆತು ಒಣಗಿದರೆ ಅರಗಿನಂತೆ ಬೋಲ್ಟಿನ ತಲೆಗಳನ್ನು ಮುಚ್ಚಿರುತ್ತದೆ. ಕಲ್ಲಿನ ಗಣಿಗಳ ಕಡೆಗೆ ಓಡಾಡಿದ ಗಾಡಿಯಲ್ಲಿ ಸುಣ್ಣಕಲ್ಲಿನ ಹುಡಿಯೂ ಸೇರಿರುತ್ತದೆ. ಆ ಹುಡಿಯ ಒಂದು ಚಿಟಿಕೆಯು ಬೇರಿಂಗಿನೊಳಗೆ ಹೊಕ್ಕರೆ ಸಾಣೆಕಲ್ಲಿನ ಕೆಲಸವನ್ನು ಮಾಡುತ್ತದೆ. ತುಕ್ಕುಹಿಡಿದ ಬೋಲ್ಟುಗಳಿಗೆ ಒಂದು ದಿವಸ ಮುಂಚಿತವಾಗಿಯೇ ತೆಳುವಾದ ಎಣ್ಣೆಯನ್ನು ಬಿಟ್ಟಿರಬೇಕು. ನಂತರ ಬ್ಯಾಟರಿಯ ತಂತಿಗಳನ್ನು ಕಳಚಿ ಬ್ಯಾಟರಿಯನ್ನು ಹೊರಗಿಡತಕ್ಕದ್ದು. ಪೆಟ್ರೋಲನ್ನು ಮುಚ್ಚಳವುಳ್ಳ ಡಬ್ಬಿಗೆ ಇಳಿಸಿ ದೂರದಲ್ಲಿಡಬೇಕು. ಈ ಸೀಮೆಯ ಬೇಸಿಗೆಯಲ್ಲಿ ಪೆಟ್ರೋಲಿನ ಆವಿಯು ನೆಲದುದ್ದಕ್ಕೂ ಹರಿದು ಹತ್ತು ಮಾರು ದೂರದ ಒಲೆಯನ್ನಾದರೂ ಮುಟ್ಟಬಲ್ಲದು. ಬೀಡಿ ಸೇದುವವರನ್ನು ಮುಲಾಜಿಲ್ಲದೆ ಆಚೆಗೆ ಕಳುಹಿಸುವುದು ಯಜಮಾನರ ಕರ್ತವ್ಯ.

ಬಾನೆಟ್ಟನ್ನು ತೆಗೆದು, ನೀರನ್ನು ಬಿಟ್ಟು, ರೇಡಿಯೇಟರನ್ನು ಅದರ ಕೊಳವೆಗಳಿಂದಲೂ ಹಿಡಿಕೆಯ ಸರಳಿನಿಂದಲೂ ಬಿಡಿಸಿ ಹೊರತೆಗೆಯಬೇಕು. ಆಮೇಲೆ ಪೆಟ್ರೋಲಿನ ನಳಿಕೆ, ಗಾಳಿ ಸೋಸುವ ಡಬ್ಬಿಯ ಕೊಳವೆ, ಹೊಗೆಯ ಕೊಳವೆಯ ಕೂಡುವಳಿ, ಕಾರ್ಬ್ಯುರೇಟರಿನ ಕಡ್ಡಿಗಳು, ಡೈನಮೋ, ಸ್ಟಾರ್ಟರ್, ಕಾಯಿಲುಗಳ ತಂತಿಗಳು, ಎಣ್ಣೆಯ ಒತ್ತಡವನ್ನೂ ನೀರಿನ ಬಿಸಿಯನ್ನೂ ತೋರಿಸುವ ಮಾಪಕಗಳ ನಳಿಕೆಗಳು ಇವನ್ನೆಲ್ಲ ಕಳಚತಕ್ಕದ್ದು. ಪ್ರತಿಯೊಂದು ತಂತಿಯ ತುದಿಗೂ ಬಟ್ಟೆಯ ಚೀಟಿಯನ್ನು ಕಟ್ಟಿ ಅದರ ಸ್ಥಳವನ್ನು ಬರೆಯಬೇಕು. ಒಂದೊಂದು ಅಂಗದ ಬೋಲ್ಟುಗಳನ್ನು ಒಂದೊಂದು ಬೇರೆ ಚೀಲದಲ್ಲಿ ಹಾಕಿ ಚೀಲದ ಮೇಲೆ ಹೆಸರು ಬರೆಯುವ ಪದ್ಧತಿಯನ್ನು ಎಂದಿಗೂ ಬಿಡಬಾರದು. ಬೀಜದ ಚೀಲಗಳಿಗೆ ತಳಿಯ ಹೆಸರನ್ನು ಬರೆದಿಡುವವರಿಗೆ ಇದರ ಉಪಯೋಗವನ್ನು ವಿವರಿಸಬೇಕಾದುದಿಲ್ಲ. ಜೀಪಿನ ಬೋಲ್ಟುಗಳು ಅಂಗುಲದ ಅಳತೆಯವು. ಮಿಲಿಮೀಟರಿನ ಪಾನಾಗಳನ್ನು ಹಾಕಿ ಅದುಮಿದರೆ ಮೂಲೆಗಳು ಉರುಟಾಗಿ, ಮುಂದೆ ಉಳಿಗೆ ಮಾತ್ರ ಬಗ್ಗುವಂತಾಗುತ್ತವೆ.

ಇನ್ನು ಇಳಿಸುವ ಬಗೆಯು ಎರಡು. ಇಂಜಿನ್ನನ್ನು ಮಾತ್ರ ತೆಗೆಯುವುದಾದರೆ, ಸ್ಟಾರ್ಟರನ್ನು ಬಿಚ್ಚಿ, ಇಂಜಿನ್ನಿಗೂ ಕ್ಲಚ್ಚಿನ ಗೂಡಿಗೂ ನಡುವಣ ಬೋಲ್ಟುಗಳನ್ನು ತೆಗೆದು, ಗೇರ್ ಪೆಟ್ಟಿಗೆಯ ಕೆಳಗೆ ಜಾಕನ್ನು ಕೊಟ್ಟು, ಮುಂದಿನ ಎರಡು ರಬ್ಬರು ಆಧಾರಗಳನ್ನು ಸಡಿಲಿಸಿ, ಇಂಜಿನ್ನನ್ನು ಸ್ವಲ್ಪವೇ ಎತ್ತಿ ನೇರವಾಗಿ ಮುಂದಕ್ಕೆ ಎಳೆಯಬೇಕು. ಗೇರ್ ಪೆಟ್ಟಿಗೆಯ ಮುಂಚೂಣಿಯ ಶಾಫ್ಟು ಕ್ಲಚ್ ಪ್ಲೇಟಿನಿಂದ ಪೂರ್ಣವಾಗಿ ಹೊರಬಿದ್ದ ಮೇಲೆಯೇ ಮೇಲಕ್ಕೆ ಎತ್ತತಕ್ಕದ್ದು. ಈ ಹಂತದಲ್ಲಿ ಇಂಜಿನ್ನಿನ ಭಾರವನ್ನು ಆ ಶಾಫ್ಟಿನ ಮೇಲೆ ಒಂದು ಕ್ಷಣವಾದರೂ ತೂಗುಬಿಡಕೂಡದು. ಪ್ಲೇಟಿನ ನಾಭಿ ಬಾಗಿಹೋಗಿ ಮುಂದೆ ಕ್ಲಚ್ಚು ಎಷ್ಟು ತುಳಿದರೂ ಬಿಡದಂತಾಗುತ್ತದೆ. ಅನೇಕ ಗಾಡಿಗಳಲ್ಲಿ ಹೊಸ ಇಂಜಿನ್ ಕೆಲಸವಾದ ಮೇಲೆಯೂ ಗೇರು ಕಿರುಗುಟ್ಟುವುದಕ್ಕೆ ಮೂಲವು ಇದೇ.

ಗೇರ್ ಪೆಟ್ಟಿಗೆಗಳ ಕೆಲಸವೂ ಇದ್ದರೆ, ಗಾಡಿಯ ನೆಲತಗಡನ್ನು ತೆಗೆದು, ಗೇರಿನ ಹಿಡಿಕೆಗಳು, ಕೈಬ್ರೇಕಿನ ತಂತಿ, ವೇಗಮಾಪಕದ ತಂತಿ, ಕ್ಲಚ್ಚಿನ ಕಡ್ಡಿ ಇವನ್ನು ಬಿಡಿಸಿ, ಎರಡು ಪ್ರೊಪೆಲ್ಲರ್ ಶಾಫ್ಟುಗಳನ್ನೂ ಇಳಿಸಬೇಕು. ಇಂಜಿನ್ನಿನ ಹಿಂಭಾಗಕ್ಕೆ ಮರದ ತುಂಡನ್ನಿಟ್ಟು ಜಾಕು ಕೊಟ್ಟು, ಗೇರ್ ಪೆಟ್ಟಿಗೆಯನ್ನು ಹೊತ್ತಿರುವ ಚಾಸಿಯ ಅಡ್ಡಪಟ್ಟಿಯ ಬೋಲ್ಟುಗಳನ್ನು ತೆಗೆದು, ಎರಡೂ ಪೆಟ್ಟಿಗೆಗಳನ್ನು ಜೊತೆಯಾಗಿ ಕೆಳಕ್ಕೆ ಇಳಿಸಬಹುದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳನ್ನು ಬಿಡಿಸಿದೊಡನೆ ಅವುಗಳ ಬಟ್ಟಲುಗಳನ್ನು ತಂತಿಯಿಂದ ಸುತ್ತಿಬಿಡಬೇಕು. ಇಲ್ಲವಾದರೆ ಸೂಜಿಯಂತಹ ಉರುಳೆಗಳು ಧೂಳಿನಲ್ಲಿ ಚೆಲ್ಲುತ್ತವೆ. ಶಾಫ್ಟು ಜಾರುವ ಕೂಡುವಳಿಯಲ್ಲಿ ಎರಡು ಭಾಗಗಳ ಮೇಲೂ ಬಾಣದ ಗುರುತುಗಳಿರುತ್ತವೆ. ಅವು ಅಳಿಸಿದ್ದರೆ ಬಿಚ್ಚುವ ಮುಂಚೆ ಹೊಸದಾಗಿ ಗುರುತು ಹಾಕತಕ್ಕದ್ದು. ಒಂದು ಹಲ್ಲು ತಪ್ಪಿ ಕೂಡಿಸಿದರೂ ಗಾಡಿಯು ಓಟದಲ್ಲಿ ನಡುಗುತ್ತದೆ.

ಕ್ಲಚ್ಚಿನ ಮುಚ್ಚಳವನ್ನು ತೆಗೆಯುವಾಗ ಅದಕ್ಕೂ ಫ್ಲೈವೀಲಿಗೂ ಪಂಚಿನಿಂದ ಒಂದೊಂದು ಚುಕ್ಕೆಯನ್ನು ಹೊಡೆದು, ಬೋಲ್ಟುಗಳನ್ನು ಸರದಿಯಂತೆ ಒಂದೊಂದು ಸುತ್ತು ಮಾತ್ರ ಸಡಿಲಿಸುತ್ತ ಬರಬೇಕು. ಹಳೆಯ ಕ್ಲಚ್ ಪ್ಲೇಟು ಹಾಗೂ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಬೆರೆತಿರುತ್ತದೆ. ಅದರ ಹುಡಿಯು ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷಗಳ ತರುವಾಯ ಮಾರಕ ರೋಗಗಳನ್ನು ತರುವುದೆಂದು ಸಿದ್ಧವಾಗಿದೆ. ಆದುದರಿಂದ ಬಾಯಿಂದಾಗಲಿ ಪಂಪಿನಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರ್ಪಡಿಸಬೇಕು. ಮಕ್ಕಳನ್ನು ಹತ್ತಿರ ಬಿಡಲಾಗದು.

ಇಂಜಿನ್ನನ್ನು ಬಿಚ್ಚುವುದಕ್ಕೆ ಗಟ್ಟಿಯಾದ ಮೇಜು ಬೇಕು. ಹೆಡ್ಡಿನ ನಟ್ಟುಗಳನ್ನು ತಣ್ಣಗಿರುವಾಗಲೇ, ತುದಿಗಳಿಂದ ನಡುವಿಗೆ ಬರುತ್ತ, ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ತುದಿಗಳ ಕಡೆಗೆ. ಹೆಡ್ಡು ಅಂಟಿಕೊಂಡಿದ್ದರೆ ಸಂದಿಯಲ್ಲಿ ಉಳಿಯನ್ನು ಹೊಡೆಯುವುದು ಕೆಲವು ಮಿಸ್ತ್ರಿಗಳ ಚಾಳಿ. ಅಂತಹ ಹೆಡ್ಡಿನಿಂದ ಮುಂದೆ ನೀರು ಸೋರದೆ ಇರದು. ಇಂಜಿನ್ನು ಇನ್ನೂ ಗಾಡಿಯ ಮೇಲಿರುವಾಗಲೇ, ನಟ್ಟುಗಳನ್ನು ತೆಗೆದು ಪ್ಲಗ್ಗುಗಳನ್ನು ಬಿಗಿದೇ ಇಟ್ಟು ಒಂದೆರಡು ಸುತ್ತು ತಿರುಗಿಸಿದರೆ, ಒಳಗಿನ ಗಾಳಿಯ ಒತ್ತಡವೇ ಅದನ್ನು ಬಿಡಿಸುತ್ತದೆ.

ಪಕ್ಕದ ವಾಲ್ವುಗಳ ಕೋಣೆಯಲ್ಲಿ ಎಣ್ಣೆ ಇಳಿಯುವ ರಂಧ್ರಗಳುಂಟು. ಸ್ಪ್ರಿಂಗುಗಳನ್ನು ಒತ್ತಿ ವಾಲ್ವಿನ ಬೀಗದ ಚೂರುಗಳನ್ನು ತೆಗೆಯುವ ಮುಂಚೆ ಆ ರಂಧ್ರಗಳಿಗೆ ಬಟ್ಟೆಯನ್ನು ತುರುಕಿರಬೇಕು; ಒಂದು ಚೂರು ಕೆಳಗಿನ ಚೇಂಬರಿಗೆ ಬಿದ್ದು ಗಮನಕ್ಕೆ ಬಾರದೆ ಹೋದರೆ ಹೊಸ ಬೇರಿಂಗುಗಳೂ ಉಳಿಯವು. ಎಂಟು ರಂಧ್ರ ಕೊರೆದ ಹಲಗೆಯ ಮೇಲೆ ಅಂಕೆ ಬರೆದು ವಾಲ್ವುಗಳನ್ನು ಅವುಗಳ ಸರದಿಯಂತೆ ನಿಲ್ಲಿಸತಕ್ಕದ್ದು. ಪಿಸ್ಟನ್ನುಗಳು ಮೇಲಿನಿಂದ ಹೊರಬರುತ್ತವೆ. ಬಹಳ ಓಡಿದ ಸಿಲಿಂಡರಿನ ಬಾಯಿಯಲ್ಲಿ ಸವೆಯದೆ ಉಳಿದ ಅಂಚೊಂದು ಬೆರಳಿಗೆ ತಾಕುತ್ತದೆ. ಅದನ್ನು ತಕ್ಕ ಉಪಕರಣದಿಂದ ಕೆರೆದು ತೆಗೆಯದೆ ಪಿಸ್ಟನ್ನನ್ನು ಬಡಿದರೆ ರಿಂಗಿನ ಗಾಲುವೆ ಮುರಿಯುತ್ತದೆ. ಕನೆಕ್ಟಿಂಗ್ ರಾಡುಗಳೂ ಅವುಗಳ ಟೋಪಿಗಳೂ ಜೋಡಿಯಾಗಿ ಕಡೆದವುಗಳಾದುದರಿಂದ ಒಂದರ ಟೋಪಿಯು ಮತ್ತೊಂದಕ್ಕೆ ಸಲ್ಲದು. ಅಂಕೆಯನ್ನೂ ಅದು ಯಾವ ಕಡೆಗೆ ಮುಖಮಾಡಿತ್ತೆಂಬುದನ್ನೂ ಬರೆದಿಡಬೇಕು. ಕ್ರ್ಯಾಂಕ್ ಶಾಫ್ಟಿನ ಮೂರು ಮುಖ್ಯ ಬೇರಿಂಗುಗಳ ಟೋಪಿಗಳಿಗೂ ಇದೇ ನಿಯಮ. ಮುಂಭಾಗದ ಕಾಲಸೂಚಕ ಹಲ್ಲುಗಾಲಿಗಳ ಮೇಲಿನ ಗುರುತುಗಳನ್ನು ಒಂದಕ್ಕೊಂದು ಎದುರಾಗಿ ತಂದು, ನೋಡಿ, ಆಮೇಲೆ ಬಿಚ್ಚತಕ್ಕದ್ದು. ಬ್ಲಾಕು ಹಾಗೂ ಕ್ರ್ಯಾಂಕುಗಳನ್ನು ಅಳತೆಗೂ ಸಾಣೆಗೂ ಕಲಬುರಗಿಗೆ, ಅಥವಾ ವಾಡಿಯಿಂದ ರೈಲು ಹಾದಿಯಿರುವ ಹೈದರಾಬಾದಿಗೆ ಒಯ್ಯಬಹುದು. ಬೋರ್ ಮಾಡಿಸುವ ಮೊದಲು ಹೊಸ ಪಿಸ್ಟನ್ನುಗಳು ಕೈಗೆ ಬಂದಿರಬೇಕು. ಪಿಸ್ಟನ್ನಿನ ಅಳತೆಗೆ ಸಿಲಿಂಡರನ್ನು ಕೊರೆಯುವುದೇ ಕ್ರಮ; ಕೊರೆದಾದ ಮೇಲೆ ಪಿಸ್ಟನ್ನನ್ನು ಹುಡುಕುವುದು ಕಷ್ಟಕ್ಕೆ ದಾರಿ.

ಗೇರ್ ಪೆಟ್ಟಿಗೆಯನ್ನು ಬಿಚ್ಚುವಾಗ ಹಳಿಗಳ ನಡುವಣ ಗುಂಡುಗಳೂ ಸ್ಪ್ರಿಂಗುಗಳೂ ಹಾರಿಹೋಗದಂತೆ ಮೇಲೆ ಬಟ್ಟೆ ಹೊದಿಸಿರಬೇಕು. ಎರಡು ಗೇರುಗಳು ಒಮ್ಮೆಲೆ ಬೀಳದಂತೆ ತಡೆಯುವುದು ಆ ಸಣ್ಣ ತುಂಡುಗಳೇ. ಹಿಂದಿನ ಹೌಸಿಂಗಿನ ಕ್ರೌನ್ ಮತ್ತು ಪಿನಿಯನ್ನುಗಳನ್ನು ಸದ್ದು ಮಾಡುತ್ತಿಲ್ಲವಾದರೆ ಮುಟ್ಟದೆ ಬಿಡುವುದೇ ವಿವೇಕ. ಮುಟ್ಟಬೇಕಾದರೆ, ಅವು ಜೋಡಿಯಾಗಿ ಮಸೆದವುಗಳೆಂದು ತಿಳಿದು ಜೋಡಿಯಾಗಿಯೇ ಬದಲಿಸತಕ್ಕದ್ದು. ಹಿಂದಿನ ಮತ್ತು ಮುಂದಿನ ಹೌಸಿಂಗುಗಳ ಹಲ್ಲಿನ ಪ್ರಮಾಣವು ಒಂದೇ ಆಗಿರಬೇಕು. ಯುದ್ಧಕಾಲದ ಜೀಪಿನಲ್ಲಿ ಅದು ೪.೮೮, ನಂತರದ ನಾಗರಿಕ ಜೀಪುಗಳಲ್ಲಿ ೫.೩೮ ಸಾಮಾನ್ಯ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಿಂದೆ ಮಾತ್ರ ಹಾಕಿದರೆ, ನಾಲ್ಕು ಗಾಲಿಯ ಬಲವನ್ನು ಹಚ್ಚಿದೊಡನೆ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಪೆಟ್ಟಿಗೆಯು ಒಡೆಯುತ್ತದೆ. ಗಾಲಿ ಬಿಚ್ಚುವವರಿಗೆ ಒಂದು ಮಾತು: ಹಳೆಯ ವಿಲ್ಲಿಸ್ ಜೀಪುಗಳ ಎಡಗಡೆಯ ಗಾಲಿಯ ನಟ್ಟುಗಳು ಎಡಸುತ್ತಿನವು. ಇದನ್ನು ಅರಿಯದೆ ಕೊಳವೆ ಸಿಕ್ಕಿಸಿ ಒತ್ತಿದವರು ನಟ್ಟನ್ನು ಬಿಗಿಯುತ್ತ ಬಿಗಿಯುತ್ತ ಬೋಲ್ಟನ್ನೇ ಮುರಿಯುತ್ತಾರೆ.

ಈ ಕ್ರಮವು ಟ್ರ್ಯಾಕ್ಟರಿಗೆ ಅನ್ವಯಿಸದು. ಫರ್ಗ್ಯುಸನ್ ಮಾದರಿಯ ಟ್ರ್ಯಾಕ್ಟರುಗಳಿಗೆ ಚಾಸಿಯೇ ಇಲ್ಲ. ಇಂಜಿನ್, ಗೇರ್ ಪೆಟ್ಟಿಗೆ, ಹಿಂದಿನ ಹೌಸಿಂಗ್ ಇವೇ ಬೋಲ್ಟಿನಿಂದ ಕೂಡಿ ಬೆನ್ನೆಲುಬಾಗಿರುತ್ತವೆ. ಕ್ಲಚ್ಚಿಗಾಗಿ ಅದನ್ನು ನಡುವೆ ಬೇರ್ಪಡಿಸುವಾಗ ಎರಡೂ ಅರ್ಧಗಳಿಗೆ ಬೇರೆಬೇರೆ ಆಧಾರವನ್ನು ಕೊಟ್ಟು, ಮುಂದಿನ ಅಚ್ಚು ಅತ್ತಿತ್ತ ವಾಲದಂತೆ ಎರಡು ಕಡೆಯಲ್ಲಿಯೂ ಮರದ ಬೆಣೆಗಳನ್ನು ಬಡಿದಿರಬೇಕು. ಈ ಬೆಣೆಗಳನ್ನು ಮರೆತಲ್ಲಿ ಮುಂದಿನ ಅರ್ಧವು ಮಗ್ಗುಲಿಗೆ ಉರುಳುತ್ತದೆ.

ಇಳಿಸಿದ ಎಣ್ಣೆಯನ್ನು ಹೊಲದ ಬದುವಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಎರೆಭೂಮಿಯ ಬಿರುಕುಗಳಲ್ಲಿ ಅದು ಆಳಕ್ಕಿಳಿದು, ಕೆಳಗಿನ ಸುಣ್ಣಕಲ್ಲಿನ ಸೀಳುಗಳ ಮೂಲಕ ಬಾವಿಯ ನೀರನ್ನು ಸೇರಬಹುದು. ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ಪರವಾನಗಿಯುಳ್ಳವರಿಗೆ ಕೊಡತಕ್ಕದ್ದು. ರೇಡಿಯೇಟರಿಗೆ ಹಸಿರು ಇಲ್ಲವೆ ಕೆಂಪು ಬಣ್ಣದ ಕೂಲಂಟನ್ನು ಹಾಕಿದ್ದರೆ ಅದನ್ನು ಇನ್ನೂ ಹೆಚ್ಚು ಜಾಗರೂಕತೆಯಿಂದ ಹಿಡಿಯಬೇಕು. ಅದು ರುಚಿಗೆ ಸಿಹಿ. ಬಾನಿಯಲ್ಲಿ ತೆರೆದಿಟ್ಟರೆ ದನಕರುಗಳೂ ನಾಯಿಗಳೂ ಕುಡಿದು ಮೂತ್ರಪಿಂಡಗಳು ಕೆಟ್ಟು ಸಾಯುತ್ತವೆ.

ಬಿಡಿಭಾಗಗಳು ಬರುವುದು ತಡವಾಗಿ ಮುಂಗಾರು ಹತ್ತಿರವಾದರೆ, ಬಿಚ್ಚಿದುದನ್ನು ಕಾಪಾಡುವ ಏರ್ಪಾಡನ್ನು ಮಾಡಬೇಕು. ಸಿಲಿಂಡರುಗಳ ಗೋಡೆಗೂ ಕ್ರ್ಯಾಂಕಿನ ಹೊಳಪು ಭಾಗಗಳಿಗೂ ದಪ್ಪ ಗ್ರೀಸನ್ನು ಬಳಿದು, ಮೇಣದ ಕಾಗದ ಸುತ್ತಿ, ಬ್ಲಾಕನ್ನು ಬೋರಲಾಗಿ ಹಲಗೆಯ ಮೇಲಿಡತಕ್ಕದ್ದು. ಬರಿಯ ಫರಸಿಯ ಮೇಲಿಟ್ಟರೆ ಮಳೆಗಾಲದ ತೇವವು ಕೆಳಗಿನಿಂದ ಹಿಡಿಯುತ್ತದೆ. ಕ್ರ್ಯಾಂಕ್ ಶಾಫ್ಟನ್ನು ನೆಲದ ಮೇಲೆ ಮಲಗಿಸದೆ ಫ್ಲೈವೀಲಿನ ಕಡೆಯ ತುದಿಯ ಮೇಲೆ ನಿಲ್ಲಿಸಿ ಗೋಡೆಗೆ ಕಟ್ಟಬೇಕು. ಗೇರ್ ಪೆಟ್ಟಿಗೆಯ ಬಾಯಿಗಳನ್ನು ಹಲಗೆಯ ಚೂರುಗಳಿಂದ ಮುಚ್ಚಿ ಬೋಲ್ಟು ಹಾಕಬೇಕು, ಏಕೆಂದರೆ ಕೊಟ್ಟಿಗೆಯ ಇಲಿಗೆ ಇದಕ್ಕಿಂತ ಬೆಚ್ಚನೆಯ ಗೂಡು ಸಿಕ್ಕದು. ಗ್ಯಾಸ್ಕೆಟ್ಟುಗಳು ಹರಿದಿದ್ದರೂ ಎಸೆಯದೆ ಒಂದು ರಟ್ಟಿನ ಮೇಲೆ ಅಂಟಿಸಿಟ್ಟರೆ, ಅಂಗಡಿಯಲ್ಲಿ ಸಿಕ್ಕದವುಗಳನ್ನು ಅದೇ ಅಚ್ಚಿನ ಮೇಲೆ ಕತ್ತರಿಸಿಕೊಳ್ಳಬಹುದು.